ಒರೆಸಲಾಗದ ಸಿಮ್

ಆ ದಿನ ಫೋನಿನಲ್ಲಿ ‘ಅಳಿಸಿ’ ಎಂಬುದನ್ನು ಒತ್ತಿದವರು ಯಾರು ಎಂಬುದು ನನ್ನ ತಲೆಯಲ್ಲಿ ಎರಡು ರೀತಿ ಉಳಿದಿದೆ. ಒಂದರಲ್ಲಿ ಚಿಕ್ಕಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂತು, ಕನ್ನಡಕವನ್ನು ಹಣೆಗೇರಿಸಿ, ತಾನೇ ಒತ್ತುತ್ತಾಳೆ. ಇನ್ನೊಂದರಲ್ಲಿ ಫೋನು ನನ್ನ ಕೈಯಲ್ಲಿದೆ. ಡೈರಿ ತೆಗೆದು ನೋಡಿದರೆ ‘ಸಿಮ್ ಡಿಲೀಟ್ ಆಯಿತು’ ಎಂದಷ್ಟೇ ಬರೆದಿದ್ದೇನೆ, ಮಂಜು ಕವಿಯಿತು ಎಂದು ಬರೆಯುವ ಹಾಗೆ. ಬರೆದದ್ದು ನಾನೇ ಆದ್ದರಿಂದ ಅದನ್ನು ಪೂರ್ತಿ ನಂಬಲಾರೆ.

ಚಿಕ್ಕಮ್ಮ ಅಮ್ಮನ ತಂಗಿ. ಮೂರ್ನಾಡಿನಿಂದ ಸ್ವಲ್ಪ ಒಳಗೆ ಅವಳದ್ದು ಮೂರು ಎಕರೆ ಕಾಫಿ. ಎಂಎ ಮುಗಿಸಿ ಮೂರ್ನಾಡಿನಲ್ಲೇ ಕೆಲಸ ಸಿಕ್ಕಿದ ಮೇಲೆ ನಾನೂ ಅವಳ ಮನೆಯಲ್ಲಿದ್ದೇನೆ. ನಾವಿಬ್ಬರು ಆಡುವುದು ಅರೆಭಾಷೆ. ಬರೆಯುವಾಗ ಅದು ನನ್ನ ಕನ್ನಡಕ್ಕೆ ತಿರುಗಿಬಿಡುತ್ತದೆ. ಇಲ್ಲಿರುವ ಅವಳ ಮಾತುಗಳಲ್ಲಿ ಅಷ್ಟು ಕಲಬೆರಕೆ ಇದ್ದೇ ಇದೆ.

ನಮ್ಮ ಕಡೆ ಸಿಗ್ನಲ್ ಹೋದರೆ ಸಿಮ್ ಒರೆಸುವುದು ರೂಢಿ. ಅಕ್ಕಿಗೂ ಹಾಸಿಗೆಗೂ ತೇವ ಹಿಡಿಯುವ ತಿಂಗಳುಗಳಲ್ಲಂತೂ ದಿನಕ್ಕೊಮ್ಮೆ. ಚಿಕ್ಕಮ್ಮನ ಬಳೆಯಲ್ಲಿ ಯಾವಾಗಲೂ ಒಂದು ಪಿನ್ನು ನೇತಾಡುತ್ತಿರುತ್ತದೆ. ಅದನ್ನು ಫೋನಿನ ಪಕ್ಕದ ತೂತಿಗೆ ಚುಚ್ಚಿ, ಉಗುರಿನಷ್ಟು ಸಣ್ಣ ಸಿಮ್ಮನ್ನು ತೆಗೆದು, ಸೆರಗಿಗೆ ಉಜ್ಜಿ, ಒಮ್ಮೆ ಊದಿ ಮತ್ತೆ ಹಾಕುತ್ತಿದ್ದಳು. ಹೆಚ್ಚಿನ ಸಲ ಸಿಗ್ನಲ್ ಬರುತ್ತಿತ್ತು. ಒರೆಸಿದ್ದಕ್ಕೋ, ಫೋನು ಟವರನ್ನು ಹೊಸದಾಗಿ ಹುಡುಕಿದ್ದಕ್ಕೋ ನಾವು ಯೋಚಿಸಿರಲಿಲ್ಲ. ಉಜ್ಜಿ ಉಜ್ಜಿ ಸಿಮ್ಮಿನ ಹೊಂಬಣ್ಣ ಹೋಯಿತು. ಕೊನೆಗೆ ಫೋನು ಅದನ್ನು ಗುರುತಿಸುವುದನ್ನೇ ಬಿಟ್ಟಿತು.

ಹೊಸ ಫೋನು ಕೊಂಡಾಗ ಅಂಗಡಿಯಾಕೆ ಇ-ಸಿಮ್ ಮಾಡಿಸಿಕೊಳ್ಳಿ, ಸವೆಯುವುದೂ ಇಲ್ಲ, ಒದ್ದೆಯಾಗುವುದೂ ಇಲ್ಲ ಎಂದರು. ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ನಂಬರು ಇದೇ ಇರ್ತದಲ್ಲಾ?"

ಅವಳಿಗೆ ಆ ನಂಬರೇ ಬೇಕಿತ್ತು. ಅದಕ್ಕೆ ಕಾರಣ ಅಸ್ಸಾಮಿನ ಒಬ್ಬ ಹೆಂಗಸು. ಪಕ್ಕದ ಎಸ್ಟೇಟಿನ ಕೂಲಿಯವರ ಲೈನಿನಲ್ಲಿದ್ದವಳು, ನಾಲ್ಕು ವರ್ಷ ನಮ್ಮ ತೋಟಕ್ಕೂ ಪಿಕ್ಕಿಂಗಿಗೆ ಬರುತ್ತಿದ್ದಳು. ಒಂದೇ ಗಿಡದ ಆಚೆ ಅವಳು, ಈಚೆ ಚಿಕ್ಕಮ್ಮ. ಅವಳಿಗೆ ಸ್ವಂತ ಫೋನಿರಲಿಲ್ಲ. ಹಾಗಾಗಿ ಚಿಕ್ಕಮ್ಮ ತನ್ನ ನಂಬರನ್ನು ಬಾಯಿಪಾಠ ಮಾಡಿಸಿದ್ದಳು. ಹಣ್ಣು ಕೀಳುವ ಲಯಕ್ಕೆ ಒಂದೊಂದೇ ಅಂಕಿ. ಕನ್ನಡದ ಅಂಕಿಗಳನ್ನು ಅವಳು ಕಲಿತದ್ದೇ ಹೀಗೆ. ನಂಬರಿನಲ್ಲಿ ಐದು ಇರಲಿಲ್ಲ, ಆದ್ದರಿಂದ ಅವಳಿಗೆ ಐದು ಬರುತ್ತಿರಲಿಲ್ಲ. ಚೀಲ ಎಣಿಸುವಾಗ ನಾಲ್ಕರ ನಂತರ ತನ್ನ ಭಾಷೆಗೆ ಹೋಗಿ, ಆರಕ್ಕೆ ಮರಳಿ ಬರುತ್ತಿದ್ದಳು. ಎಲೆಗಳ ಹಿಂದಿನಿಂದ ಕೇಳುತ್ತಿದ್ದ ಆ ಎಣಿಕೆ ಈಗಲೂ ನನಗೆ ಕೆಲವು ದಿನ ಬೆಳಗ್ಗೆ ಕೇಳಿಸಿದಂತಾಗುತ್ತದೆ. ತೋಟದಲ್ಲಿ ಆಗ ಯಾರೂ ಇರುವುದಿಲ್ಲ.

ಪಿಕ್ಕಿಂಗ್ ಮುಗಿದ ಮೇಲೆ ಅವಳು ಬಸುರಿಯಾಗಿ ಊರಿಗೆ ಹೊರಟಳು. ಮೊದಲು ಎರಡು ಸಲ ಹೊಟ್ಟೆಯಲ್ಲೇ ಹೋಗಿತ್ತು. ಹೆರಿಗೆಯಾದ ಕೂಡಲೇ, ಏನೇ ಆಗಲಿ, ಯಾರದಾದರೂ ಫೋನಿನಿಂದ ಮಾಡುತ್ತೇನೆ ಎಂದು ಹೇಳಿ ಹೋದಳು. ನಾವಾಗಿ ಮಾಡುವ ಹಾಗಿರಲಿಲ್ಲ. ಅವಳ ಗಂಡನ ನಂಬರು ಬದಲಾಗುತ್ತಲೇ ಇತ್ತು. ಜೋರು ಮಳೆಯ ಕಕ್ಕಡದ ತಿಂಗಳು ಬಂದಾಗ ಚಿಕ್ಕಮ್ಮ ಬೆರಳು ಮಡಚಿ ಎಣಿಸಿ, ಇನ್ನು ಯಾವತ್ತಾದರೂ ಬರಬಹುದು ಎಂದಳು. ಅವತ್ತಿನಿಂದ ಸ್ನಾನಕ್ಕೆ ಹೋಗುವಾಗಲೂ ಫೋನು ನನ್ನ ಕೈಗೆ ಕೊಟ್ಟು ಹೋಗುತ್ತಿದ್ದಳು.

ಸಿಗ್ನಲ್ ಹೋದದ್ದು ಒಂದು ಶನಿವಾರ ಮಧ್ಯಾಹ್ನ. ಮಂಜು ಅಂಗಳ ದಾಟಿ ಜಗಲಿಯವರೆಗೂ ಬಂದಿತ್ತು. ಎದುರಿನ ಸಿಲ್ವರ್ ಓಕ್ ಮರಗಳು ಒಂದೊಂದಾಗಿ ಅಳಿಸಿಹೋಗುತ್ತಿದ್ದವು. ಚಿಕ್ಕಮ್ಮ ಅಭ್ಯಾಸದಂತೆ ಬಳೆಯ ಪಿನ್ನಿಗೆ ಕೈ ಹಾಕಿದಳು, ಆಮೇಲೆ ತೂತು ಹುಡುಕುತ್ತಾ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒರೆಸಲು ಏನೂ ಇರಲಿಲ್ಲ.

"ನೀನು ಅಷ್ಟು ಓದಿದ್ದೀಯಲ್ಲ ಮಗಳೇ, ಒಳಗಿಂದಲೇ ಒಮ್ಮೆ ತೆಗೆದು ಹಾಕಿಕೊಡು."

ಸೆಟ್ಟಿಂಗಿನಲ್ಲಿ ‘ಇ-ಸಿಮ್ ಅಳಿಸಿ’ ಎಂದಿತ್ತು. ಖಚಿತವೇ ಎಂದು ಕೇಳಿತು. ಅಂಗಡಿಯಾಕೆ ಕೊಟ್ಟ, ಚೌಕಚೌಕ ಚುಕ್ಕಿಗಳ ಕೋಡಿದ್ದ ಹಾಳೆ ರೇಷನ್ ಕಾರ್ಡಿನ ಕವರಿನಲ್ಲಿ ಭದ್ರವಾಗಿತ್ತು. ಅದೇ ಸಿಮ್, ಮತ್ತೆ ತೋರಿಸಿದರೆ ಮತ್ತೆ ಬರುತ್ತದೆ ಎಂದುಕೊಂಡೆವು. ‘ಎಂದುಕೊಂಡೆವು’ ಎಂದು ಬರೆದು ನೋಡುತ್ತಿದ್ದೇನೆ. ಹಾಗೆ ಅಂದುಕೊಂಡವಳು ನಾನು. ಚಿಕ್ಕಮ್ಮನಿಗೆ ಆ ಮೆನು ಎಲ್ಲಿದೆ ಎಂದೇ ಗೊತ್ತಿರಲಿಲ್ಲ.

ಹಾಳೆ ತಂದು ಕ್ಯಾಮೆರಾ ಹಿಡಿದೆ. ವೈಫೈ ಇತ್ತು. ಈ ಕೋಡ್ ಆಗಲೇ ಬಳಕೆಯಾಗಿದೆ ಎಂದು ಬಂತು. ಹಾಳೆಯನ್ನು ಬೆಳಕಿಗೆ ಹಿಡಿದೆ, ಮಡಿಕೆ ಬಿಡಿಸಿದೆ, ಇನ್ನೊಮ್ಮೆ ಹಿಡಿದೆ. ಅದೇ ಮಾತು. ಚಿಕ್ಕಮ್ಮ ಬಗ್ಗಿ ಆ ಹಾಳೆಯನ್ನೂ ಒಮ್ಮೆ ಸೆರಗಿನಿಂದ ಒರೆಸಿದಳು.

ಆ ಸಂಜೆ ಕೂತು ಓದಿದೆ. ಫೋನಿನೊಳಗೆ ಅಕ್ಕಿಕಾಳಿನಷ್ಟು ಸಣ್ಣ ಚಿಪ್ಪೊಂದನ್ನು ಬೆಸೆದೇ ಕಳಿಸಿರುತ್ತಾರೆ. ಮೊದಲಿಗೆ ಅದರಲ್ಲಿ ಯಾರ ನಂಬರೂ ಇರುವುದಿಲ್ಲ. ಹಾಳೆಯ ಮೇಲಿನ ಕೋಡೂ ನಂಬರಲ್ಲ. ಎಲ್ಲಿಗೆ ಹೋಗಿ ಕೇಳಬೇಕು ಎಂಬ ವಿಳಾಸ ಮತ್ತು ಸಾಮಾನ್ಯವಾಗಿ ಒಂದೇ ಸಲ ಸಲ್ಲುವ ಗುರುತು, ಅಷ್ಟೇ. ಫೋನು ಆ ವಿಳಾಸಕ್ಕೆ ಹೋಗಿ, ಕಂಪನಿ ಬೀಗ ಹಾಕಿಟ್ಟ ಒಂದು ಕಟ್ಟನ್ನು ತರುತ್ತದೆ. ಆ ಬೀಗ ಈ ಚಿಪ್ಪಿನಲ್ಲಿ ಮಾತ್ರ ತೆರೆಯುತ್ತದೆ. ಕಟ್ಟಿನಲ್ಲೊಂದು ಗುಟ್ಟಿನ ಸಂಖ್ಯೆ, ಅದರ ಜೋಡಿ ಕಂಪನಿಯ ಬಳಿ. ಆಮೇಲೆ ಕಂಪನಿ ಟವರಿನ ಮೂಲಕ ಪ್ರತಿ ಸಲ ಹೊಸ ಪ್ರಶ್ನೆ ಕೇಳುತ್ತದೆ. ಚಿಪ್ಪು ಗುಟ್ಟನ್ನು ಬಿಟ್ಟುಕೊಡದೆ ಉತ್ತರವನ್ನಷ್ಟೇ ಹೇಳುತ್ತದೆ. ಉತ್ತರ ತಾಳೆಯಾದರೆ, ಇದು ಇವಳದ್ದೇ ಫೋನು ಎಂದು ಒಳಗೆ ಬಿಡುತ್ತಾರೆ. ಹಳೆಯ ಕಾರ್ಡೂ ಮಾಡುತ್ತಿದ್ದದ್ದು ಇದನ್ನೇ. ನಾನು ಅಳಿಸಿದ್ದು ಚಿಪ್ಪಿನಲ್ಲಿದ್ದ ಗುಟ್ಟನ್ನು. ನಂಬರು ಕಂಪನಿಯ ಪುಸ್ತಕದಲ್ಲಿ ಹಾಗೇ ಇತ್ತು, ಅದಕ್ಕೆ ಉತ್ತರ ಕೊಡುವವರು ಮಾತ್ರ ಎಲ್ಲೂ ಇರಲಿಲ್ಲ.

ಭಾನುವಾರ ಎಲ್ಲ ಮುಚ್ಚಿತ್ತು. ಚಿಕ್ಕಮ್ಮ ಆ ದಿನವೂ ಫೋನನ್ನು ಮಡಿಲಲ್ಲೇ ಇಟ್ಟುಕೊಂಡು ಬಟಾಣಿ ಸುಲಿದಳು. ಸೋಮವಾರ ಮಡಿಕೇರಿಗೆ ಹೋಗಿ, ಆಧಾರ್ ತೋರಿಸಿ, ಬೆರಳೊತ್ತಿ, ಮುಖದ ಫೋಟೊ ತೆಗೆಸಿಕೊಂಡಳು. ಕಾರ್ಡು ಬೇಕಾ, ಇ-ಸಿಮ್ಮೇ ಬೇಕಾ ಎಂದು ಕೌಂಟರಿನವರು ಕೇಳಿದರು.

"ಒಳಗೇ ಇರಲಿ," ಎಂದಳು. "ಇವಳ ಎಂಎ ಕೈಗೆ ಮಾತ್ರ ಇನ್ನು ಫೋನು ಕೊಡೋದಿಲ್ಲ."

ಎಲ್ಲರೂ ನಕ್ಕರು. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೆ ತಿರುಗಿ ಕೂತಿದ್ದಳು. ಸಂಜೆಯ ಹೊತ್ತಿಗೆ ನಂಬರು ಎಚ್ಚರವಾಯಿತು. ಬಂದು ತಪ್ಪಿದ ಕರೆಗಳ ಸುದ್ದಿ ಯಾವುದೂ ಬರಲಿಲ್ಲ. ಯಾರೂ ಮಾಡಿರಲಿಲ್ಲವೋ, ಮಾಡಿದ್ದು ನಮಗೆ ತಿಳಿಯಲಿಲ್ಲವೋ ಹೇಳುವವರಿರಲಿಲ್ಲ. ಆ ವಾರವೂ ಮುಂದಿನ ವಾರವೂ ಹಾಗೇ ಕಳೆದವು. ಚಿಕ್ಕಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವಳು ಏನಾದರೂ ಅಂದಿದ್ದರೆ ನನ್ನ ತಲೆಯಲ್ಲಿ ಆ ಮೊದಲನೆಯ ಚಿತ್ರ, ಅವಳೇ ಒತ್ತುವ ಚಿತ್ರ, ಹುಟ್ಟುತ್ತಿರಲಿಲ್ಲವೇನೋ.

ಕೊನೆಗೆ ಬಂದ ಕರೆ ಬೆಳಗಿನ ಕಾಫಿಯ ಹೊತ್ತಿಗೆ, ಗೊತ್ತಿಲ್ಲದ ನಂಬರಿನಿಂದ. ಚಿಕ್ಕಮ್ಮ ಸ್ಪೀಕರ್ ಹಾಕಿದಳು. ಮೊದಲು ಕೇಳಿಸಿದ್ದು ಕೂಸಿನ ಅಳು. ಆಮೇಲೆ ಅವಳ ದನಿ.

"ಅಕ್ಕಾ, ಹೆಣ್ಣು. ಚೆನ್ನಾಗಿದೆ."

ಚಿಕ್ಕಮ್ಮ ಲೋಟ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ದಿನ ಯಾಕೆ ಮಾಡಲಿಲ್ಲ ಎಂದು ಗದರಿದಳು. ಮಾಡಿದ್ದಳಂತೆ. ಆಸ್ಪತ್ರೆಯಿಂದಲೇ ಎರಡು ದಿನ ಮಾಡಿದ್ದಳು. ಯಾರೋ ಹೆಂಗಸು ಕನ್ನಡದಲ್ಲಿ ಏನೋ ಹೇಳಿದಳು, ಅದು ಅಕ್ಕನ ದನಿಯಲ್ಲ. ನಂಬರು ತನಗೆ ಮರೆತೇಹೋಗಿದೆ ಎಂದುಕೊಂಡು, ಆಮೇಲಿನ ದಿನಗಳಲ್ಲಿ ಕೊನೆಯ ಅಂಕಿ ಬದಲಾಯಿಸಿ ಬದಲಾಯಿಸಿ ನೋಡಿದಳಂತೆ. ಯಾರು ಯಾರೋ ಎತ್ತಿದರು, ಒಬ್ಬ ಅಜ್ಜ ಬೈದ.

"ಪಾಂಚ್ ಕೂಡ ಹಾಕಿ ನೋಡಿದೆ ಅಕ್ಕಾ. ಪಾಂಚ್ ಇಲ್ಲ ಅಂತ ಗೊತ್ತಿತ್ತು. ಆದರೂ."

ಇವತ್ತು ಮೊದಲು ಕಲಿತ ಹಾಗೆಯೇ ಒತ್ತಿದಳಂತೆ, ಕೊನೆಯ ಸಲ ಎಂದುಕೊಂಡು.

ನಾನು ಫೋನಿನ ಹತ್ತಿರ ಬಗ್ಗಿ, ನಿನಗೆ ಮರೆತಿರಲಿಲ್ಲ, ಇಲ್ಲಿ ಅಳಿಸಿದ್ದು ನಾನು ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ. ಚಿಕ್ಕಮ್ಮ ನನ್ನ ಕಡೆ ನೋಡಲಿಲ್ಲ. ನಂಬರು ಒಮ್ಮೆ ಹೇಳು ನೋಡೋಣ ಎಂದು ಅವಳನ್ನು ಕೇಳಿದಳು. ಕೂಸನ್ನು ತಟ್ಟುತ್ತಾ, ಆ ತಟ್ಟುವ ಲಯಕ್ಕೆ, ಅವಳು ಹತ್ತು ಅಂಕಿಯನ್ನೂ ಹೇಳಿದಳು. ಒಂದೂ ತಪ್ಪಲಿಲ್ಲ.