ಆಮೆಯಿದ್ದ ಬಾವಿ

ಹೆಣ್ಣುಮಗಳು ಬಾವಿಗೆ ಹಾರಿದಳು ಎಂದರೆ ಕೇಳಿದವರು ಎದೆಮೇಲೆ ಕೈಯಿಟ್ಟುಕೊಳ್ಳುತ್ತಿದ್ದ ಕಾಲ ಅದು. ನಾನು ವಾರಕ್ಕೊಮ್ಮೆಯಾದರೂ ಹಾರುತ್ತಿದ್ದೆ. ಯಾರದಾದರೂ ಕೊಡ ಹಿಡಿದುಕೊಂಡು ಮೇಲೆ ಬರುತ್ತಿದ್ದೆ. ಗಂಡಬೀರಿ ಎಂದು ಕರೆಯುತ್ತಿದ್ದರು. ಕರೆಯಲಿ, ಕೊಡ ಮುಳುಗಿದಾಗ ನಮ್ಮ ಮನೆಗೇ ಬರುತ್ತಿದ್ದರು.

ಮಮದಾಪುರದ ನಮ್ಮ ಹೊಲದಲ್ಲಿದ್ದದ್ದು ಮೆಟ್ಟಿಲುಗಳಿದ್ದ ದೊಡ್ಡ ಬಾವಿ. ಆಸುಪಾಸಿನ ಮನೆಯವರೆಲ್ಲ ಅಲ್ಲಿಂದಲೇ ಕುಡಿಯುವ ನೀರು ಒಯ್ಯುತ್ತಿದ್ದರು. ಕೊಡ ಕೈಜಾರಿದರೆ ಬೇರೆ ಕಡೆ ಪಾತಾಳಗರಡಿ ಬಿಟ್ಟು ಎತ್ತುತ್ತಾರೆ, ಹಗ್ಗದ ತುದಿಗೆ ಕಬ್ಬಿಣದ ಕೊಕ್ಕೆಗಳ ಗೊಂಚಲು. ನಮ್ಮ ಆಯಿ, ಅಂದರೆ ನಮ್ಮಪ್ಪನ ತಾಯಿ, ಅದನ್ನು ಬಾವಿಯ ಹತ್ತಿರವೂ ಸುಳಿಯಗೊಡಲಿಲ್ಲ. ತಳದಲ್ಲಿ ಒಂದು ಆಮೆಯಿತ್ತು, ಮೀನುಗಳಿದ್ದವು; ಹುಳ, ಪಾಚಿ ತಿಂದು ನೀರನ್ನು ತಿಳಿಯಾಗಿ ಇಡುತ್ತಿದ್ದವು. ಕೊಡದ ಕಂಠ ಯಾವುದು, ಆಮೆಯ ಕುತ್ತಿಗೆ ಯಾವುದು ಎಂದು ಕೊಕ್ಕೆಗೇನು ಗೊತ್ತು? ಹಾಗಾಗಿ ನಮ್ಮಲ್ಲಿ ಮುಳುಗಿಯೇ ತೆಗೆಯಬೇಕಿತ್ತು. ಆಯಿಗೆ ಕೈಲಾಗದಾದ ಮೇಲೆ ಆ ಕೆಲಸ ನನಗೆ ಬಂತು.

ಕಚ್ಚೆ ಬಿಗಿದು, ಮೊದಲು ಅಂಗೈಯಿಂದ ನೀರು ತಟ್ಟಬೇಕು, ಒಳಗಿದ್ದವುಗಳಿಗೆ ಗೊತ್ತಾಗಲಿ ಎಂದು. ಕೆಳಗೆ ಹೋದಮೇಲೆ ಕಾಲೂರಿ ರಾಡಿ ಎಬ್ಬಿಸಬಾರದು, ಗೋಡೆಯ ಸಂದಿಗೆ ಕೈಹಾಕಬಾರದು. ಮೀನು ತಾನಾಗಿ ಬಂದು ಮೈಗೆ ಮೂತಿ ತಾಗಿಸಿದರೆ ಸುಮ್ಮನಿರಬೇಕು, ಹಿಡಿಯಲು ಹೋಗಬಾರದು. ಬಹಳ ದಿನ ಮುಳುಗಿದ್ದ ಕೊಡದೊಳಗೆ ಮೀನು ಮನೆ ಮಾಡಿಕೊಂಡಿರುತ್ತದೆ. ಕೊಡವನ್ನು ನೀರೊಳಗೇ ಬೋರಲು ಮಾಡಿ, ಅದು ಹೊರಗೆ ಬರುವ ತನಕ ಉಸಿರು ಹಿಡಿದು ಕಾಯಬೇಕು. ಎದೆ ಒಡೆಯುತ್ತದೆ ಅನ್ನಿಸಿದಾಗಲೂ ನಾನು ಕಾದಿದ್ದೇನೆ. ಜೀವವಿದ್ದ ಯಾವುದನ್ನೂ ಬಾವಿಯಿಂದ ಮೇಲೆ ತರುವಂತಿರಲಿಲ್ಲ.

“ಅದು ಅವುಗಳ ಮನಿ ಐತಿ,” ಎನ್ನುತ್ತಿದ್ದಳು ಆಯಿ. “ನೀ ಬೀಗರಂಗ ಹೋಗಿ ಕುಂಡ್ರಾಕಿ ಅಲ್ಲ. ನಿನ್ನ ಕೊಡಾ ತಗೊಂಡಿ, ಹೊರಗ ಬಂದಿ, ಅಷ್ಟ.”

ಆಯಿ ತೀರಿಕೊಂಡ ಮರುವರ್ಷ ಮನೆಯ ಯಜಮಾನಿಕೆ ನೋಡುತ್ತಿದ್ದ ಕಾಕಾ, ಅಂದರೆ ಅಪ್ಪನ ತಮ್ಮ, ಸಂಕೇಶ್ವರದ ಕಡೆಯಿಂದ ನೀರೆತ್ತುವ ಇಂಜಿನ್ನು ತಂದರು. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ಇನ್ನೂ ಎತ್ತು ಹೂಡಿ ನೀರು ಸೇದುವುದೆಂದರೆ ಅವರಿಗೆ ಅವಮಾನ. ಕಬ್ಬು ಹಚ್ಚಬೇಕು, ಅದಕ್ಕೆ ಬಾವಿ ಇನ್ನೂ ಆಳವಾಗಬೇಕು, ಅದಕ್ಕೆ ಸುರಂಗ ಹೊಡೆಸಬೇಕು. ಸುರಂಗವೆಂದರೆ ನೀರೆಲ್ಲ ಹೊರಹಾಕಿ, ತಳದ ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸುವುದು.

“ಆಮಿ ಏನ್ ಮಾಡೂದರಿ, ಕಾಕಾ?” ಎಂದೆ.

“ಆಮಿನ್ನ ಕೇಳಿ ಕಬ್ಬ ಹಚ್ಚಬೇಕೇನ? ಹೊಸಾ ನೀರು ಬಂದ್ರ ಹೊಸಾ ಆಮಿ ಬರ್ತೈತಿ.”

ಇಂಜಿನ್ನು ಹಗಲಿಡೀ ಬಡಿದುಕೊಂಡಿತು. ಸುರಂಗದವರು ಬಂದಾಗ ತಳದಲ್ಲಿ ಉಳಿದದ್ದು ಮೊಣಕಾಲಷ್ಟು ರಾಡಿ ನೀರು. ಅದರಲ್ಲಿ ಮೀನುಗಳು ಒಂದರ ಮೇಲೊಂದು ಒದ್ದಾಡುತ್ತಿದ್ದವು. ಆಮೆ ಗೋಡೆಗೆ ಒತ್ತಿಕೊಂಡು ಕೂತಿತ್ತು. ಯಾರನ್ನೂ ಕೇಳದೆ ಮೆಟ್ಟಿಲಿಳಿದು, ಹಗ್ಗ ಹಿಡಿದು ತಳಕ್ಕೆ ಇಳಿದು ಆಮೆಯ ಬಾಜೂ ನಿಂತೆ.

“ಏ, ಮ್ಯಾಲ ಬಾ!” ಕಾಕಾ ಮೇಲಿನಿಂದ ಕೂಗಿದರು. “ಗಂಡಸರು ನಿಂತಾರ, ನಾಚಿಕಿ ಇಲ್ಲೇನ ನಿನಗ?”

“ನಿಂದರ್ಲಿ ಬಿಡ್ರಿ. ಇವನ್ನೆಲ್ಲಾ ದಾಟಿಸೂ ತನಕ ನಾ ಬರಂಗಿಲ್ಲ.”

“ಮದ್ದ ತುಂಬಸ್ತೇನಿ ನೋಡ ಮತ್ತ!”

“ತುಂಬಸ್ರಿ. ನಾ ಇಲ್ಲೇ ಇರ್ತೇನಿ.”

ಸುರಂಗದವರ ಮುಖ್ಯಸ್ಥ ಕೈಯಲ್ಲಿದ್ದ ಹಾರೆ ಕೆಳಗಿಟ್ಟ. “ಯಜಮಾನ್ರ, ಹೆಣ್ಮಗಳು ಒಳಗ ಇರೂ ತನಕ ನಾವು ಕೆಲಸಾ ಮುಟ್ಟಂಗಿಲ್ರಿ,” ಎಂದು ಬೀಡಿ ಹಚ್ಚಿಕೊಂಡು ಕೂತ.

ಅವುಗಳನ್ನು ಉಳಿಸಬೇಕೆಂದರೆ ಆಯಿಯ ಮಾತು ಮುರಿದು ಮೇಲೆ ತರಲೇಬೇಕಿತ್ತು. ನನಗೆ ಅಳುಕಾಗಲಿಲ್ಲ. ಆಯಿ ಆ ಮಾತು ಹೇಳಿದ್ದು ಅವುಗಳ ಜೀವಕ್ಕಾಗಿ, ನನ್ನ ಮಡಿಗಾಗಿ ಅಲ್ಲ.

“ಅವ್ವಾ, ಕೊಡಾ ಬಿಡ!” ಎಂದು ಕೂಗಿದೆ. ಕಾಕಾನ ಮುಂದೆ ಎಂದೂ ತುಟಿ ಬಿಚ್ಚದ ನಮ್ಮವ್ವ ಆಗಲೂ ಬಿಚ್ಚಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗಕ್ಕೆ ಕೊಡ ಕಟ್ಟಿ ಕೆಳಗೆ ಬಿಟ್ಟಳು. ಅವಳ ಹಿಂದೆ ನೀರಿಗೆ ಬರುತ್ತಿದ್ದ ಹೆಂಗಸರೂ ಬಂದರು. ನಾನು ನೀರಿನ ಸಮೇತ ಮೀನು ತುಂಬಿ ಕಳಿಸುತ್ತಿದ್ದೆ, ಅವರು ಬಾಜೂ ಹೊಲದ ಬಾವಿಗೆ ಒಯ್ದು ಬಿಡುತ್ತಿದ್ದರು. ಕೊನೆಗೆ ಆಮೆ. ಅದರ ಹೊಟ್ಟೆಯ ಕೆಳಗೆ, ರಾಡಿಯೊಳಗೇ, ಅವ್ವ ಇಳಿಬಿಟ್ಟ ಬುಟ್ಟಿಯನ್ನು ಮೆಲ್ಲಗೆ ಸರಿಸಿದೆ. ಬೆನ್ನಿಗೆ ಕಟ್ಟಿ, ಹಗ್ಗ ಹಿಡಿದು ನಾನೇ ಹೊತ್ತುಕೊಂಡು ಮೇಲೆ ಬಂದೆ. ಕಾಕಾ ಮುಖ ತಿರುಗಿಸಿದರು. ಬಾಜೂ ಬಾವಿಯ ನೀರಲ್ಲಿ ಬುಟ್ಟಿ ಅದ್ದಿದಾಗ ಅದು ಬಹಳ ಹೊತ್ತು ಅಲ್ಲಾಡಲಿಲ್ಲ. ಸತ್ತಿತೇನೋ ಅಂದುಕೊಂಡೆ. ಆಮೇಲೆ ಕತ್ತು ಚಾಚಿ, ನನ್ನ ಕಡೆ ನೋಡದೆ ಒಳಗೆ ಹೋಯಿತು. ನಾನು ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತೆ.

ಸುರಂಗ ಹೊಡೆದರು, ಬಾವಿ ಆಳವಾಯಿತು, ಬೇಕಾದಷ್ಟು ನೀರೂ ಬಂತು. ಆದರೆ ಆಮೆ ಬರಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ನೀರಿನ ಮೇಲೆ ಪಾಚಿ ಕಟ್ಟಿತು, ಕೊಡದಲ್ಲಿ ಹುಳ ಮಿಸುಕಾಡತೊಡಗಿದವು. ಒಂದು ದಿನ ಊಟಕ್ಕೆ ಕೂತಾಗ ಕಾಕಾ ತಾಟಿನಿಂದ ತಲೆ ಎತ್ತದೆ ಹೇಳಿದರು: “ಆ ಆಮಿ ನಮ್ದ ಐತಿ. ನಾಳಿ ಮುಳುಗಿ ತಂದ್ ಬಿಡು.”

“ತರಂಗಿಲ್ರಿ.”

“ಆವತ್ತ ಹೊತ್ಕೊಂಡ್ ಬಂದಿದ್ದಿ ಅಲ್ಲಾ?”

“ಆವತ್ತ ಅದರ ಜೀವಕ್ಕ ತಂದಿದ್ದೆ, ಕಾಕಾ. ನೀವು ನಿಮ್ಮ ನೀರಿಗೆ ಕೇಳಾಕತ್ತೀರಿ.”

ಕಾಕಾ ಎದ್ದು ಬಡಿಯುತ್ತಾರೆಂದೇ ನಾನು ಬೆನ್ನು ಗಟ್ಟಿಮಾಡಿಕೊಂಡೆ. ಅವರು ಬಡಿಯಲಿಲ್ಲ. ಆ ಬೇಸಿಗೆಯಿಡೀ ನಾನು ಬಾಜೂ ಬಾವಿಯಿಂದ ಕುಡಿಯುವ ನೀರು ಹೊತ್ತು ತಂದೆ, ಕಾಕಾ ಅದನ್ನೇ ಕುಡಿದರು.