ಸೋಮವಾರ ಹೊತ್ತ ಕೋಳಿಬುಟ್ಟಿ

ತಾಂಬಾ ಊರಿಗೆ ಹೋಗುವ ದಾರಿಯ ನಮ್ಮ ಹೊಲದಲ್ಲಿ ಅಪ್ಪ ಕೋಳಿಗಳಿಗೆ ಹೊಸ ಗೂಡು ಕಟ್ಟಿದ್ದರು. ಅವುಗಳನ್ನು ಊರ ಮನೆಯಿಂದ ಸಾಗಿಸುವ ದಿನ ಗೊತ್ತುಮಾಡಿದವಳು ನಾನು. ಕೆಂಚು ಕೋಳಿ ಕೆಂಚಿ ಹದಿಮೂರು ತತ್ತಿಗಳ ಮೇಲೆ ಕಾವಿಗೆ ಕೂತ ದಿನದಿಂದ ದಿನಚರಿಯಲ್ಲಿ ಲೆಕ್ಕ ಇಟ್ಟಿದ್ದೆ. ಇಪ್ಪತ್ತೊಂದನೆಯ ದಿನ ತತ್ತಿ ಒಡೆದು ಮರಿ ಬರುತ್ತವೆ, ಆಗ ಅಲುಗಿಸಬಾರದು. ಆದ್ದರಿಂದ ಇಪ್ಪತ್ತನೆಯ ದಿನವೇ ಹೊರಡೋಣ ಎಂದೆ. ಹಿಂದಿನ ಸಂಜೆ ಹಳೆಯ ಗೂಡನ್ನೂ ಕಿತ್ತೆವು.

ಬೆಳಿಗ್ಗೆ ಬಂಡಿ ಹೂಡಲು ಹೇಳಿದರೆ ಅಜ್ಜಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಇವತ್ತು ಸೋಮವಾರ ಐತಿ! ಎತ್ತಿನ ಹೆಗಲ ಮ್ಯಾಲ ನೊಗಾ ಇಡ್ತೀಯೇನ? ಇಷ್ಟೆಲ್ಲಾ ಬರಕೋತಿ, ವಾರ ಬರಿಯಾಕ ಬರಲಿಲ್ಲೇನ ನಿನಗ?"

ಸೋಮವಾರ ನಮ್ಮ ಕಡೆ ಎತ್ತುಗಳಿಗೆ ಬಿಡುವು. ದಿನ ಎಣಿಸುವ ಭರದಲ್ಲಿ ಅದನ್ನೇ ಮರೆತಿದ್ದೆ! ನಾಳೆಗೆ ಮುಂದೂಡುವಂತಿರಲಿಲ್ಲ, ನಡೆದೇ ಹೊರಟೆವು. ಉಳಿದ ಒಂಬತ್ತು ಕೋಳಿಗಳನ್ನು ಅಪ್ಪ ಎರಡು ಬುಟ್ಟಿಗಳಲ್ಲಿ ಮುಚ್ಚಿ ಹೊತ್ತರು. ತತ್ತಿಗಳ ಸಮೇತ ಕೆಂಚಿಯ ಬುಟ್ಟಿ ನನ್ನ ತಲೆಗೆ ಬಂತು. ಅದು ಗಾಬರಿಯಾಗಿ ಎದ್ದರೆ ಹದಿಮೂರೂ ಹಾಳು.

"ತುಂಬಿದ ಕೊಡ ಹೊತ್ತಂಗ ನಡಿಯವ್ವಾ, ಕುಣೀಬ್ಯಾಡ," ಎನ್ನುತ್ತ ಅಜ್ಜಿ ಹಿಂದೆಯೇ ಬಂದಳು.

ಅರ್ಧ ದಾರಿಯಲ್ಲಿ ನನ್ನ ತಲೆಯ ಮೇಲೆ 'ಚಿಂವ್' ಎಂದಿತು. ನಿಂತುಬಿಟ್ಟೆ. ತತ್ತಿಯೊಳಗಿನ ಮರಿ! ಕೆಂಚಿ ಮೆಲ್ಲಗೆ 'ಕೊಕ್ ಕೊಕ್' ಎನ್ನುತ್ತ ಉತ್ತರ ಕೊಟ್ಟಿತು, ಎದ್ದೇಳಲಿಲ್ಲ.

"ಇನ್ನ ಅದು ಏಳಂಗಿಲ್ಲ ಬಿಡು," ಎಂದು ಅಜ್ಜಿ ನಕ್ಕಳು.

ಮರುದಿನ ಹೊಸ ಗೂಡಿನಲ್ಲಿ ಹನ್ನೊಂದು ಮರಿ ಹೊರಬಂದವು. ದಿನಚರಿಯಲ್ಲಿ ಹನ್ನೊಂದು ಎಂದು ಬರೆದು, ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಮಂಗಳವಾರ ಎಂದೂ ಬರೆದೆ.