ಹೆಲಿಕಾಪ್ಟರಿಗೆ ಹಚ್ಚಿದ ಕುಂಕುಮ

ಕಂಡವರ ಮನೆಯಲ್ಲಿ ನಾನು ಏನನ್ನೂ ಒಡೆದವಳಲ್ಲ. ಗೋವಾದಲ್ಲಿ ಅಷ್ಟು ವರ್ಷ ಕಸ ಹೊಡೆದೆ, ಪಿಂಗಾಣಿ ತೊಳೆದೆ, ಒಂದು ಬಸಿ ಕೂಡ ಕೈಜಾರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ಕೆಲವರಾದರೂ ನನ್ನನ್ನು ಬೈಯುತ್ತಾರೆ. ಬೈಯಲಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾವು ಬಾಗಲಕೋಟೆ ಕಡೆಯವರು, ಹೊಟ್ಟೆಪಾಡಿಗೆ ಬಂದು ಬಂದರಿನ ಮಗ್ಗುಲಿನ ಸಡಾ ಎಂಬ ಗುಡ್ಡದ ಮೇಲೆ ಮನೆ ಮಾಡಿದ್ದೆವು. ಬಂದರಿನ ಧೂಳು ನೇರ ಅನ್ನದ ತಟ್ಟೆಗೇ ಬೀಳುತ್ತಿತ್ತು. ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ನನ್ನ ಗಂಡನ ಕಾಲ ಮೇಲೆ ಆ ವರ್ಷ ಚೀಲಗಳು ಉರುಳಿ ಪಾದದ ಎಲುಬು ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲೇ ಕೂತಿದ್ದರು. ಗುಡ್ಡದ ಕೆಳಗಿನ ಒಂದು ಮನೆಯಲ್ಲಿ ನಾನು ಮಾಡುತ್ತಿದ್ದ ಕೆಲಸದಿಂದಲೇ ನಮ್ಮ ಒಲೆ ಉರಿಯಬೇಕಿತ್ತು. ಅದೊಂದು ಹೋದರೆ ಎರಡು ಮಕ್ಕಳನ್ನು ಕಟ್ಟಿಕೊಂಡು ಊರಿನ ಬಸ್ಸು ಹತ್ತುವುದೇ.

ಆ ಮನೆಯ ಯಜಮಾನರು ಇಡೀ ಆಯುಷ್ಯ ಹಡಗಿನಲ್ಲಿ ದುಡಿದು ನಿವೃತ್ತರಾದ ಒಂಟಿ ಮನುಷ್ಯ. ಯಜಮಾನರಿಗೆ ಅಲ್ಲಿ ಪಾತ್ರಾಂವ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತಿದ್ದೆ. ದೇಶದೇಶದಿಂದ ತಂದ ಪುಟ್ಟ ಹಡಗು, ಪುಟ್ಟ ವಿಮಾನಗಳನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟಿದ್ದರು. ನಟ್ಟನಡುವೆ ಒಂದು ಯುದ್ಧದ ಹೆಲಿಕಾಪ್ಟರು. ಒಂದು ಮೊಳ ಉದ್ದ, ಹಿತ್ತಾಳೆಯಷ್ಟು ಭಾರ, ಹಸಿರು ಬಣ್ಣ. ಮೂಗಿನ ಕೆಳಗೆ ಕಡ್ಡಿಯಂಥ ಬಂದೂಕು, ಎರಡೂ ಪಕ್ಕೆಯಲ್ಲಿ ರಾಕೆಟ್ಟುಗಳು. ಇಂಥವನ್ನು ಲೋಕದಲ್ಲಿ ಕೆಲವೇ ಕೆಲವು ಮಾಡಿ ಅಚ್ಚು ಒಡೆದುಹಾಕಿದ್ದಾರಂತೆ. ಅದಕ್ಕೊಂದು ಸಹಿ ಮಾಡಿದ ಪತ್ರ ಬೇರೆ. ನನ್ನ ಮದುವೆಗೂ ಅಂಥ ಪತ್ರ ಇರಲಿಲ್ಲ.

ವಾರಕ್ಕೊಮ್ಮೆ ಅದರ ಧೂಳು ತೆಗೆಯುವುದು ನನ್ನ ಕೆಲಸ. ಬಟ್ಟೆ ಮುಟ್ಟಿಸಬಾರದು, ಬಣ್ಣದ ಬ್ರಷ್ಷಿನಿಂದಲೇ ಸವರಬೇಕು. ಆಗೆಲ್ಲ ಅವರು ಹಿಂದೆ ನಿಂತು, ಮುರುಕು ಹಿಂದಿಯಲ್ಲಿ ಅದರ ಪ್ರತಾಪ ಹೇಳುತ್ತಿದ್ದರು. ಮರುಭೂಮಿಯ ಯುದ್ಧದಲ್ಲಿ ಟ್ಯಾಂಕುಗಳನ್ನು ಸುಟ್ಟದ್ದು ಇದೇ ಜಾತಿಯದು, ಇದಕ್ಕಿಂತ ದೊಡ್ಡ ಹತ್ಯಾರ ಇಲ್ಲ ಎಂದು. ಒಂದು ಸಲ ಅಲ್ಲ, ನೂರು ಸಲ. ಹತ್ಯಾರ ಎಂದರೆ ಆಯುಧ ಎಂದು ನನಗೆ ಗೊತ್ತಿತ್ತು. ಅಲ್ಲಿಂದಲೇ ಎಡವಟ್ಟು ಶುರುವಾಯಿತು.

ಮಹಾನವಮಿ ಬಂತು. ನಮ್ಮಲ್ಲಿ ಅವತ್ತು ಖಂಡೆ ಪೂಜೆ. ದುಡಿದು ಉಣ್ಣಿಸುವ ಸಾಮಾನಿಗೂ ಮನೆಯ ಆಯುಧಕ್ಕೂ ವಿಭೂತಿ, ಕುಂಕುಮ, ಹೂವು. ಪೂಜೆಯಾದದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟುವಂತಿಲ್ಲ. ಅಟ್ಟದ ಮೇಲೆ ತುಕ್ಕು ಹಿಡಿದ ಕತ್ತಿಯನ್ನೂ ನಮ್ಮಜ್ಜಿ ಬಿಡುತ್ತಿರಲಿಲ್ಲ. ಪೂಜೆ ಕಾಣದ ಆಯುಧ ಮನೆಯವರ ಮೇಲೆಯೇ ಮುನಿಯುತ್ತದೆ ಎನ್ನುತ್ತಿದ್ದಳು. ಬೆಳಿಗ್ಗೆ ಮನೆಯಲ್ಲಿ ಈಳಿಗೆಗೆ, ಗಂಡ ಚೀಲ ಎತ್ತುವ ಕಬ್ಬಿಣದ ಕೊಕ್ಕೆಗೆ ಪೂಜೆ ಮಾಡಿದೆ. ಉಳಿದ ವಿಭೂತಿ, ಕುಂಕುಮ, ಹೂವು, ಒಂದು ನಿಂಬೆಹಣ್ಣು ಪೊಟ್ಟಣ ಕಟ್ಟಿಕೊಂಡು ಕೆಲಸಕ್ಕೆ ಹೋದೆ. ನನಗೆ ಅನ್ನ ಹಾಕುವ ಕಸಬರಿಗೆ, ಬಕೆಟ್ಟು ಇದ್ದದ್ದು ಅಲ್ಲಿ ತಾನೆ.

ಪಾತ್ರಾಂವ ಮೀನು ತರಲು ಹೋಗಿದ್ದರು. ಕಸಬರಿಗೆಗೆ ಹಚ್ಚಿ, ಬಕೆಟ್ಟಿಗೆ ಹಚ್ಚಿ ಏಳುತ್ತೇನೆ, ಗಾಜಿನೊಳಗಿಂದ ಅದು ನೋಡುತ್ತಿದೆ. ಲೋಕದಲ್ಲೇ ದೊಡ್ಡ ಆಯುಧ, ಖಂಡೆ ಪೂಜೆಯ ದಿನ ಬೋಳು ಮುಖ ಇಟ್ಟುಕೊಂಡು ಕೂತಿದೆ. ಮುನಿದರೆ ಒಂಟಿ ಮುದುಕರ ಗತಿ ಏನು? ಕಪಾಟು ತೆರೆದು ಬಾಲಕ್ಕೆ ಮೂರು ಬೆರಳು ವಿಭೂತಿ ಎಳೆದೆ, ಮೂಗಿಗೆ ಒದ್ದೆ ಕುಂಕುಮ ಇಟ್ಟೆ, ರೆಕ್ಕೆಗೆ ಚೆಂಡು ಹೂವು ಸಿಕ್ಕಿಸಿದೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಡೋಣವೆಂದರೆ ಹಣ್ಣೇ ಗಾಲಿಗಿಂತ ದೊಡ್ಡದು, ಬಿಟ್ಟೆ. ಚಲೋ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ.

ಅವರು ಬಂದು ನೋಡಿದವರು ಮೀನಿನ ಚೀಲವನ್ನು ನೆಲಕ್ಕೆ ಬಿಟ್ಟರು. ಸಂಜೆ ಮುಂಬೈಯಿಂದ ಇದೇ ಹುಚ್ಚಿನ ಗೆಳೆಯರೊಬ್ಬರು ಅದನ್ನೇ ನೋಡಲು ಬರುವವರಿದ್ದರಂತೆ. ಕೇಳದೆ ಹಚ್ಚಿದ್ದು ತಪ್ಪಾಯಿತೆಂದು ನಾನು ಎರಡು ಸಲ ಹೇಳಿದೆ. ತಪ್ಪು ನನ್ನದೇ, ಈಗಲೂ ಒಪ್ಪುತ್ತೇನೆ. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಘಾಟಿ ಎಂದರು. ಘಟ್ಟ ಇಳಿದು ಬಂದ ನಮಗೆ ಅಲ್ಲಿ ಇಟ್ಟ ಹೆಸರು ಅದು, ಹೊಲಸು ತುಳಿದವರಂತೆ ಮುಖ ಮಾಡಿ ಹೇಳುವ ಹೆಸರು. ಈಗಿಂದೀಗಲೇ ಒರೆಸು, ಇಲ್ಲವೇ ನಾಳೆಯಿಂದ ಬರಬೇಡ ಎಂದರು.

ಗಂಡನ ಪ್ಲಾಸ್ಟರು ಕಣ್ಣಮುಂದೆ ಬಂತು. ಆದರೂ ಕಡ್ಡಿ ಮುರಿದಂತೆ ಹೇಳಿದೆ, ಸಿಟ್ಟು ಬಂದಾಗ ನನಗೆ ಬರುವ ಒಂದೇ ಭಾಷೆಯಲ್ಲಿ.

"ಪೂಜಿ ಆದ ಆಯುಧ ಇವತ್ತ ಮುಟ್ಟಂಗಿಲ್ರಿ. ನಾಳೆ ಬನ್ನಿ ಮುಡದ ಮ್ಯಾಲೆ ನಾನ ಬಂದು ಒರಸ್ತೀನಿ."

ಆಮೇಲೆ ಹಿಂದಿಯಲ್ಲೂ ಹೇಳಿದೆ, ಇವತ್ತಲ್ಲ, ನಾಳೆ ಎಂದು. ಅವರು ಬಾಗಿಲು ತೋರಿಸಿದರು.

ಗುಡ್ಡ ಹತ್ತಿ ಮನೆಗೆ ಬಂದು ನಡೆದದ್ದನ್ನೆಲ್ಲ ಗಂಡನಿಗೆ ಹೇಳಿದೆ. ಅವರು ಬಿಳಿಚಿಕೊಂಡರು.

"ಒರಸಿದ್ರ ನಿನ್ನ ಗಂಟೇನ್ ಹೋಗ್ತಿತ್ತು? ಹೋಗಿ ಕೈ ಮುಗಿದು ಬಾ."

ದೇವರ ಜಗುಲಿಯ ಮೇಲಿದ್ದ ಅವರ ಕೊಕ್ಕೆಯನ್ನು ತೋರಿಸಿದೆ. ಕುಂಕುಮ ಇನ್ನೂ ಹಸಿಯಾಗಿತ್ತು.

"ಹಂಗಾರ ಮೊದಲ ಇದನ್ನ ಒರಸ್ತೀನಿ. ಒರಸ್ಲೇನ್ರಿ?"

ಅವರು ಬೇಡವೆಂದು ಕೈ ಆಡಿಸಿದರು. ಆ ಕೊಕ್ಕೆಯೂ ಆಯುಧ, ಆ ಹೆಲಿಕಾಪ್ಟರೂ ಆಯುಧ. ಬಡವರದಕ್ಕೆ ಒಂದು ಶಾಸ್ತ್ರ, ಗಾಜಿನೊಳಗಿನದಕ್ಕೆ ಇನ್ನೊಂದು ಶಾಸ್ತ್ರ ಇಲ್ಲ. ಹಾಗೆಂದು ಅವರ ಮುಂದೆ ಹೇಳಿದೆನಾದರೂ ಅವತ್ತು ರಾತ್ರಿ ಊರಿನ ಬಸ್ಸಿಗೆ ಸಾಲುತ್ತದೆಯೇ ಎಂದು ಡಬ್ಬಿಯ ದುಡ್ಡು ಎಣಿಸಿದೆ.

ಮರುದಿನ ದಶಮಿ. ಊರಿನ ಬಸ್ಸಿನಲ್ಲಿ ಬಂದವರು ತಂದಿದ್ದ ಬನ್ನಿ ಎಲೆ ಸೆರಗಿನಲ್ಲಿ ಕಟ್ಟಿಕೊಂಡು, ಸಣ್ಣ ಶೀಶೆಯಲ್ಲಿ ಕೊಬ್ಬರಿ ಎಣ್ಣೆ ಹಿಡಿದುಕೊಂಡು, ಬರಬೇಡ ಎಂದ ಮನೆಗೆ ಹೋದೆ. ಪಾತ್ರಾಂವ ಬಾಗಿಲು ತೆರೆದರು, ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹೆಲಿಕಾಪ್ಟರು ಮೇಜಿನ ಮೇಲಿತ್ತು. ಗೆಳೆಯರು ಬರುವ ಮೊದಲೇ ಒರೆಸಬೇಕೆಂದು ಅದರ ಮೂಗಿಗೆ ಥಿನ್ನರ್ ತಿಕ್ಕಿದ್ದರು. ಕುಂಕುಮದ ಜೊತೆ ಹಸಿರು ಬಣ್ಣವೂ ಎದ್ದು ಬಂದು ಬೆರಳಗಲ ಬರೀ ಲೋಹ ಕಾಣುತ್ತಿತ್ತು. ಹೆದರಿ ಅಷ್ಟಕ್ಕೇ ಬಿಟ್ಟಿದ್ದರು. ಆತುರಗಾರನಿಗೆ ಬುದ್ಧಿ ಮಟ್ಟ.

ನೋಡು ನಿನ್ನ ಬಣ್ಣ ಏನು ಮಾಡಿತು ಎಂದರು. ನಾನು ಹತ್ತಿಗೆ ಒಂದು ಹನಿ ಎಣ್ಣೆ ಹಚ್ಚಿ, ಮೂಗಿನ ಅಂಚಿನಲ್ಲಿ ಉಳಿದಿದ್ದ ಕುಂಕುಮವನ್ನು ಮೆಲ್ಲಗೆ ಸವರಿದೆ. ಕುಂಕುಮ ಹತ್ತಿಗೆ ಬಂತು, ಬಣ್ಣ ಅಲ್ಲೇ ಉಳಿಯಿತು. ಬಾಲದ ವಿಭೂತಿಗೆ ಅವರದೇ ಬ್ರಷ್ಷು ಸಾಕಾಯಿತು. ಅವರು ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ನೋಡಿದರು. ಮುದುಕರು ಅಳುವಂತಾಗಿದ್ದರು. ಅಯ್ಯೋ ಅನ್ನಿಸಿತು, ಅದನ್ನೂ ಮುಚ್ಚಿಡುವುದಿಲ್ಲ.

ಆಮೇಲೆ ಬನ್ನಿ ಎಲೆ ಅವರ ಕೈಯಲ್ಲಿಟ್ಟು, ಹಿರಿಯರೆಂದು ಕಾಲು ಮುಟ್ಟಿದೆ. ಜಗಳವಾಡಿದವರಿಗೂ ಬನ್ನಿ ಕೊಡುವುದು ನಮ್ಮ ಪದ್ಧತಿ. ಅದು ಕ್ಷಮೆ ಕೇಳಿದ್ದಲ್ಲ. ಎದ್ದು ನಿಂತು, ಅವರು ಹೇಳುವವರೆಗೆ ಕಾಯದೆ, ಕಸಬರಿಗೆಗೆ ಏರಿಸಿದ್ದ ಹೂವು ತೆಗೆದಿಟ್ಟು ಅದನ್ನು ಕೈಗೆ ತೆಗೆದುಕೊಂಡೆ. ಅವರು ಕಾಲು ಮೇಲೆತ್ತಿದರು, ನಾನು ಕುರ್ಚಿಯ ಕೆಳಗೆ ಗುಡಿಸಿದೆ. ಘಾಟಿ ಎಂಬ ಮಾತು ಆ ಮನೆಯಲ್ಲಿ ಮತ್ತೆ ನನ್ನ ಕಿವಿಗೆ ಬೀಳಲಿಲ್ಲ.

ಮುಂದಿನ ವರ್ಷ ಮಹಾನವಮಿಯ ಹಿಂದಿನ ದಿನ ಪಾತ್ರಾಂವ ಪೇಟೆಗೆ ಹೋಗಿ ದೊಡ್ಡದೊಂದು ಬೀಗ ತಂದು ಕಪಾಟಿಗೆ ಜಡಿದರು, ನನಗೆ ಕಾಣುವ ಹಾಗೆಯೇ. ಬೆಳಿಗ್ಗೆ ಬಂದವಳೇ ಕಸಬರಿಗೆಗೆ ಹಚ್ಚಿದೆ, ಬಕೆಟ್ಟಿಗೆ ಹಚ್ಚಿದೆ, ಆ ಬೀಗಕ್ಕೂ ಹಚ್ಚಿದೆ. ಅದೂ ಕಬ್ಬಿಣವೇ. ಅವರು ಚಹಾ ಕುಡಿಯುತ್ತ ನೋಡಿದರು. ಒರೆಸು ಎನ್ನಲಿಲ್ಲ, ಮರುದಿನ ನಾನು ಬನ್ನಿ ತರುವವರೆಗೆ ಬೀಗ ತೆಗೆಯಲೂ ಇಲ್ಲ.